ಮೈಕಮ್ಮನ ಎರಡನೆಯ ದನಿ

ಆ ಊರಿನ ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ಮೇಲಂತಸ್ತಿನ ಗಾಜಿನ ಗೂಡಿನಲ್ಲಿ ಕೂತು ಯಾವ ಗಾಡಿ ಬಂತು, ಯಾವುದು ತಡ, ಯಾವುದು ರದ್ದು ಎಂದು ಅವಳು ಹೇಳುತ್ತಿದ್ದರೆ, ಕೆಳಗೆ ಗಂಟುಮೂಟೆ ಹೊತ್ತವರು ತಲೆ ಎತ್ತದೆಯೇ ಕಾಲು ಎತ್ತುತ್ತಿದ್ದರು. ಸಕ್ಕರೆ ಹಾಕದ ಹಾಲಿನಂಥ ದನಿ. ಸಿಹಿ ಎನ್ನುವಂತಿಲ್ಲ, ಆದರೆ ಹಿತವಾಗಿ ಒಳಗಿಳಿಯುತ್ತಿತ್ತು. ಕಂಡಕ್ಟರುಗಳು ಅವಳಿಗಿಟ್ಟ ಹೆಸರು ಮೈಕಮ್ಮ.

"ಮೈಕಮ್ಮಾ, ಹೆಂಡತಿ ಹೇಳಿದ್ರೆ ನಾನು ಪಕ್ಕಕ್ಕೂ ತಿರುಗಲ್ಲ. ನೀವು ಹೇಳಿದ್ರೆ ಗಾಡೀನೇ ಹಿಂದಕ್ಕೆ ತಗೋತೀನಿ ನೋಡಿ," ಎಂದು ಗುಂಡು ಕಂಡಕ್ಟರು ಹಲ್ಲು ಕಿಸಿದರೆ, "ಹಾಗಾದ್ರೆ ಅವರಿಗೂ ಒಂದು ಮೈಕು ಕೊಡಿಸಿ," ಎನ್ನುವಳು.

ಅವಳಿಗೆ ಇನ್ನೊಂದು ದನಿ ಇದ್ದದ್ದು ಆ ಕಂಡಕ್ಟರಿಗೆ ಗೊತ್ತಿರಲಿಲ್ಲ.

ದರ್ಜಿಯ ಅಂಗಡಿಯ ಮೇಲಿನ ಕೋಣೆಯಲ್ಲಿ ಕೆಲವರು ಸೇರುತ್ತಿದ್ದರು. ಹೆಣ್ಣನ್ನು ಪ್ರೀತಿಸಿದ ಹೆಣ್ಣುಗಳು, ಗಂಡನ್ನು ಪ್ರೀತಿಸಿದ ಗಂಡುಗಳು, ಮಗನೆಂದು ಹುಟ್ಟಿ ಮಗಳಾಗಿ ನಿಂತದ್ದಕ್ಕೆ ಹೆತ್ತವರು ಹೊರದೂಡಿದ ಮಕ್ಕಳು. ಅವರಲ್ಲಿ ಹಿರಿಯಳು ದೊಡ್ಡಮ್ಮ. ಗಂಡೆಂದು ಹುಟ್ಟಿ, ಮೀಸೆ ಮೂಡುವ ವಯಸ್ಸಿನಲ್ಲಿ ಸೀರೆಯುಟ್ಟು ಮನೆಬಿಟ್ಟವಳು. ವಾರಕ್ಕೊಮ್ಮೆ ಅವರು ಸುದ್ದಿ ಕಟ್ಟುತ್ತಿದ್ದರು: ಯಾರ ಬಾಡಿಗೆ ಮನೆ ಕೈತಪ್ಪಿತು, ಯಾವ ಡಾಕ್ಟರು ಮುಖ ಸಿಂಡರಿಸದೆ ನಾಡಿ ಹಿಡಿಯುತ್ತಾರೆ, ಸಭೆ ಎಲ್ಲಿ, ಸತ್ತವರು ಯಾರು. ಹಿಂದೆ ಒಬ್ಬನ ಫೋನು ಅವನ ಮಾವನ ಕೈಗೆ ಸಿಕ್ಕಿ, ಅದರಲ್ಲಿದ್ದವರೆಲ್ಲ ಬೀದಿಗೆ ಬಿದ್ದಿದ್ದರು. ಅಂದಿನಿಂದ ಫೋನಿನಲ್ಲಿ ಗುಂಪು ಗಿಂಪು ಇಲ್ಲ, ಊರೂರಿನವರ ನಂಬರಿಲ್ಲ, ಬರಹವೂ ಇಲ್ಲ. ಸುದ್ದಿಯನ್ನು ಓದಿ ಫೋನಿನಲ್ಲಿ ದನಿ ಹಿಡಿದು, ಎದುರಾದಾಗ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸುವುದು. ಹೀಗೆ ಅದು ಸುತ್ತಲ ಊರುಗಳಿಗೂ ಹೋಗುತ್ತಿತ್ತು.

ಓದುವವಳು ಮೈಕಮ್ಮ. ಊರಿಗೆಲ್ಲ ಗೊತ್ತಿದ್ದ ದನಿಯಲ್ಲಿ ಓದುವಂತಿರಲಿಲ್ಲವಲ್ಲ. ಗಂಟಲಿನ ತಳಕ್ಕಿಳಿದು, ಬೀಡಿ ಸೇದಿ ಸೇದಿ ಮುದಿಯಾದ ಗಂಡಸಿನಂತೆ ಓದುತ್ತಿದ್ದಳು. ಮೊದಲಿಗೆ ದೊಡ್ಡಮ್ಮ ಕಟ್ಟಿದ ಎರಡು ಸಾಲು:

"ಹಣತೆ ಸಣ್ಣದು, ಗಾಳಿ ದೊಡ್ಡದು,
ಅಂಗೈ ಅಡ್ಡ ಹಿಡಿದವರೇ, ಕೇಳಿ."

ಆ ಒರಟು ದನಿಯಲ್ಲಿ ಆ ಸಾಲು ಕೇಳಿದರೆ, ಎಲ್ಲೋ ಒಂದು ಅಡುಗೆಮನೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತವರಿಗೆ ತಲೆಯ ಮೇಲೆ ಕೈಯಿಟ್ಟಂತಾಗುತ್ತಿತ್ತಂತೆ. ಓದುವವರು ಯಾರೆಂದು ಆ ಕೋಣೆಯಲ್ಲಿ ದೊಡ್ಡಮ್ಮನಿಗೆ, ದರ್ಜಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯದು.

ಮನೆಯಲ್ಲಿ ಮಾತ್ರ ಆ ದನಿಗೆ ಪ್ರವೇಶವಿರಲಿಲ್ಲ. ಮೈಕಮ್ಮನ ಜೊತೆ ಬಾಳುತ್ತಿದ್ದವಳು ದೊಡ್ಡಾಸ್ಪತ್ರೆಯ ನರ್ಸು. ಮನೆ ಕೊಟ್ಟ ಓನರಮ್ಮ ಇಬ್ಬರನ್ನೂ ಅಕ್ಕ ತಂಗಿ ಎಂದೇ ನಂಬಿದ್ದಳು. "ಆಸ್ಪತ್ರೆಗೆಲ್ಲ ಸಿಸ್ಟರ್, ಓನರಮ್ಮನ ಲೆಕ್ಕದಲ್ಲಿ ನನಗೂ ಸಿಸ್ಟರ್," ಎಂದು ಮೈಕಮ್ಮ ನಗುವಳು. ಹಾಗಾಗಿ ಮನೆಯೊಳಗೂ ಸಿಸ್ಟರ್ ಎಂಬ ಹೆಸರೇ ನಿಂತಿತು.

"ಸಾವಿನ ಸುದ್ದಿ ನನಗೆ ವಾರ್ಡಲ್ಲೇ ಹೊಟ್ಟೆ ತುಂಬ ಸಿಗುತ್ತೆ ಕಣೇ. ಮನೇಲೂ ಬಡಿಸಬೇಡ. ಆ ಗಂಡು ದನೀಲಿ ನೀನು ಮಾತಾಡೋದು ನಾನು ಕೇಳಲ್ಲ. ನನಗೆ ನನ್ನ ದನಿ ಸಾಕು." ಮೈಕಮ್ಮನ ದನಿಯನ್ನು ಅವಳು 'ನನ್ನ ದನಿ' ಎನ್ನುತ್ತಿದ್ದಳು. ಕೆಲಸ ಮುಗಿಸಿ ಬರುವಾಗ ನಿಲ್ದಾಣದಲ್ಲಿ ಬೇಕೆಂದೇ ಒಂದು ಗಾಡಿ ಬಿಟ್ಟು, ಕಂಬಕ್ಕೊರಗಿ ಅದನ್ನು ಕೇಳಿ ಬರುತ್ತಿದ್ದಳು. ಮೈಕಮ್ಮನೂ ಹಟ ಮಾಡಲಿಲ್ಲ. ಅವಳು ಡ್ಯೂಟಿಗೆ ಹೋದ ಮೇಲೆ ಕಂಬಳಿ ಹೊದ್ದು ಕೂತು ಸುದ್ದಿ ಓದುವುದು ರೂಢಿಯಾಯಿತು. ಆ ಎರಡು ಸಾಲು ಕೂಡ ಸಿಸ್ಟರ್ ಕಿವಿಗೆ ಬಿದ್ದಿರಲಿಲ್ಲ.

ಹೀಗಿರುವಾಗ ಗುಬ್ಬಿ ಸತ್ತಳು. ಬಸ್ಸುಗಳಲ್ಲಿ ಹಾಡುತ್ತಿದ್ದ, ದೊಡ್ಡಮ್ಮನಂತೆಯೇ ಗಂಡೆಂದು ಹುಟ್ಟಿ ಮನೆಬಿಟ್ಟು ಬಂದ, ಅವಳೇ ಸಾಕಿದ ಹುಡುಗಿ. ಯಾರೋ ಗಾಡಿಯಿಂದ ದಬ್ಬಿದರು. ತಾನಾಗಿ ಬಿದ್ದಳು ಎಂದು ಪೊಲೀಸರು ಬರೆದುಕೊಂಡರು. ಆಸ್ಪತ್ರೆಯಲ್ಲಿ ಅವಳನ್ನು ಗಂಡಸರ ವಾರ್ಡಿಗೆ ಹಾಕಿದಾಗ ಮಂಚದ ಸುತ್ತ ಪರದೆ ಎಳೆಸಿದವಳು ಸಿಸ್ಟರ್. ಕೊನೆಗೆ ಕಣ್ಣು ಮುಚ್ಚಿಸಿದವಳೂ ಅವಳೇ. ಗುಬ್ಬಿಗಾಗಿ ಕೆರೆಯ ಪಾರ್ಕಿನಲ್ಲಿ ಸಂಜೆ ಎಲ್ಲರೂ ಮೌನವಾಗಿ ಕೂರುವುದು, ಬಿಳಿ ಹೂ ಇಡುವುದು ಎಂದು ಆ ವಾರದ ಸುದ್ದಿ ಹೇಳಿತು.

"ನೀನು ಬರ್ತೀಯಾ?" ಎಂದು ಬೆಳಿಗ್ಗೆ ಮೈಕಮ್ಮ ಕೇಳಿದಳು.

"ನನಗೆ ಡ್ಯೂಟಿ. ಬಿಡುವಿದ್ರೂ ಬರ್ತಿರಲಿಲ್ಲ. ಬದುಕಿದ್ದಾಗ ಒಂದು ಲೋಟ ನೀರು ಕೊಡದ ಊರು, ಈಗ ಹೂವು ನೋಡಿ ಕರಗುತ್ತಾ?" ಸಿಸ್ಟರ್ ಬುತ್ತಿ ಕಟ್ಟುತ್ತಿದ್ದ ಕೈ ನಿಲ್ಲಿಸಿದಳು. "ನೀನಾದ್ರೂ ಹೋಗೇ. ಅರ್ಧ ದಿನ ರಜಾ ಹಾಕು. ನಿಲ್ದಾಣದ ಮೈಕಲ್ಲಿ ನಿನ್ನ ದನಿ ಅಂದ್ರೆ ಆ ಹುಡುಗಿಗೆ ಇಷ್ಟ ಇತ್ತಂತೆ."

"ನೋಡೋಣ," ಎಂದಳು ಮೈಕಮ್ಮ. ಬಾಗಿಲಲ್ಲಿ ಹೇಳಿದ ಆ ಮಾತು ಅಲ್ಲಿಗೇ ಬಿದ್ದಿತು. ರಜೆ ಸಿಗಲಿಲ್ಲ.

ಸಂಜೆಯ ಗಾಡಿಗಳು ಬರಲು ಶುರುವಾಗುವ ಹೊತ್ತಿಗೆ ಗುಂಡು ಕಂಡಕ್ಟರು ಟೀ ಹಿಡಿದು ಗೂಡಿನ ಬಾಗಿಲಿಗೆ ಬಂದ. "ಇವತ್ತು ಕೆರೆ ಕಡೆ ಹೋಗಬೇಡಿ ಮೈಕಮ್ಮಾ. ಪಾರ್ಕಿನ ಗೇಟಲ್ಲಿ ದೊಣ್ಣೆ ಹಿಡ್ಕೊಂಡು ಜನ ದಂಡಾಗಿ ನಿಂತಿದ್ದಾರೆ. ಅದೇನೋ ಅಂಥೋರ ಸಭೆಯಂತೆ. ಇವತ್ತು ಪೂಜೆ ಇದೆ ಅವರಿಗೆ."

ಮೈಕಮ್ಮ ಫೋನು ತೆಗೆದಳು. ದೊಡ್ಡಮ್ಮನ ಫೋನು ಸತ್ತಿತ್ತು. ದರ್ಜಿಗೆ ಹಚ್ಚಿದಳು.

"ದೊಡ್ಡಮ್ಮನ್ನ ಪೊಲೀಸರು ಮಧ್ಯಾಹ್ನವೇ ಸ್ಟೇಷನ್‌ಗೆ ಕರ್ಕೊಂಡು ಹೋದ್ರು," ಎಂದ ಅವನು, ಪಿಸುದನಿಯಲ್ಲಿ. "ಫೋನೂ ಕಿತ್ಕೊಂಡಿದ್ದಾರೆ. ನನ್ನ ಅಂಗಡಿ ಮುಂದೂ ಇಬ್ಬರು ನಿಂತಿದ್ದಾರೆ. ಊರೂರಿಂದ ಬರೋರಿಗೆ ಹೇಗೆ ಹೇಳೋಣ? ಯಾರ ನಂಬರೂ ನಮ್ಮ ಹತ್ತಿರ ಇಲ್ವಲ್ಲ ತಾಯೀ."

ಬರಹ ಬೇಡ, ನಂಬರು ಬೇಡ ಎಂದು ತಾವೇ ಕಟ್ಟಿಕೊಂಡ ಕೋಟೆ; ಇವತ್ತು ಅದಕ್ಕೆ ಬಾಗಿಲೇ ಇಲ್ಲ. ಗಾಜಿನಾಚೆ ನೋಡಿದಳು. ಪಕ್ಕದೂರಿನ ಗಾಡಿಯಿಂದ ಇಬ್ಬರು ಹುಡುಗರು ಇಳಿದರು, ಕೈಯಲ್ಲಿ ಬಿಳಿ ಹೂವಿನ ಪೊಟ್ಟಣ. ಅವರ ಹಿಂದೆ ನಡುವಯಸ್ಸಿನ ಹೆಂಗಸೊಬ್ಬಳು, ಅವಳ ತೋಳು ಹಿಡಿದ ಇನ್ನೊಬ್ಬಳು. ಹೂವು ಹಿಡಿದವರನ್ನೆಲ್ಲ ಅವಳು ಬಲ್ಲಳೆಂದಲ್ಲ, ಆದರೆ ಅವರೆಲ್ಲ ಅವಳನ್ನು ಬಲ್ಲರು. ಅವಳ ಗಂಟಲಿನ ಆ ಇನ್ನೊಬ್ಬನನ್ನು, ಬೀಡಿಯ ಮುದುಕನನ್ನು.

ಪಕ್ಕದ ಕೋಣೆಯಲ್ಲಿ ನಿಲ್ದಾಣದ ಉಸ್ತುವಾರಿಯ ಕಂಟ್ರೋಲರು ಕೂತಿದ್ದ. ಈ ದನಿ ಇಲ್ಲಿ ಬಾಯಿಬಿಟ್ಟರೆ ಮತ್ತೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಕೆಲಸ, ಮನೆ, ಓನರಮ್ಮನ ಅಕ್ಕತಂಗಿ ಕಥೆ, ಎಲ್ಲವೂ ಒಂದೇ ಏಟಿಗೆ. ದೇವರೇ, ಎಂದಳು. ಸಿಸ್ಟರನ್ನು ನೆನೆದಳು; ಅವಳು ವಾರ್ಡಿನಲ್ಲಿ ಸುರಕ್ಷಿತ, ಅಷ್ಟು ಸಾಕು. ಮೈಕು ಒತ್ತಿ ಗಂಟಲಿನ ತಳಕ್ಕೆ ಇಳಿದಳು.

"ಹಣತೆ ಸಣ್ಣದು, ಗಾಳಿ ದೊಡ್ಡದು, ಅಂಗೈ ಅಡ್ಡ ಹಿಡಿದವರೇ, ಕೇಳಿ. ಕೆರೆಯ ಕಡೆ ಇಂದು ದಾರಿಯಿಲ್ಲ. ಬಂದವರು ಬಂದ ಗಾಡಿಯಲ್ಲೇ ಹಿಂದಿರುಗಿ."

ನಿಲ್ದಾಣ ಒಂದು ಗಳಿಗೆ ಕಿವಿಯಾಯಿತು. ಹುಡುಗರು ನಿಂತಲ್ಲೇ ನಿಂತರು. ಒಬ್ಬ ತಲೆಯೆತ್ತಿ, ದೇವಸ್ಥಾನದಲ್ಲಿ ನೋಡುವ ಹಾಗೆ, ಧ್ವನಿವರ್ಧಕವನ್ನೇ ನೋಡಿದ. ಮರುಗಳಿಗೆ ಇಬ್ಬರೂ ಇಳಿದ ಗಾಡಿಯನ್ನೇ ಹತ್ತಿದರು. ಹೆಂಗಸು ಜೊತೆಯವಳ ಕೈಯೆಳೆದಳು. ಮೈಕಮ್ಮ ಮತ್ತೆ ಹೇಳಿದಳು, ಮತ್ತೆ ಹೇಳಿದಳು. ಹೊಸ ಗಾಡಿ ಬಂದಾಗಲೆಲ್ಲ ಹೇಳಿದಳು. ಕಂಟ್ರೋಲರು ಬಾಗಿಲು ಬಡಿದ. ಒಳಗಿಂದ ಚಿಲಕ ಹಾಕಿದ್ದಳು. ಬಿಳಿ ಹೂ ಹಿಡಿದವರು ಕಣ್ಣಿಗೆ ಬೀಳದಾದ ಮೇಲೆ ತೆಗೆದಳು.

"ಯಾರ್ರೀ ಒಳಗೆ? ಯಾವನು ಅವನು?"

"ಯಾರೂ ಇಲ್ಲ ಸಾರ್. ನಾನೇ."

ಅವನು ಗೂಡಿನ ಮೂಲೆ ಮೂಲೆ ನೋಡಿದ, ಮೇಜಿನಡಿ ಕೂಡ. ಆಮೇಲೆ ಅವಳನ್ನು ನೋಡಿದ ರೀತಿಯೇ ಬೇರೆ. "ಬೀಗದ ಕೈ ಇಟ್ಟು ಹೋಗಿ. ನಾಳೆಯಿಂದ ಬರೋದು ಬೇಡ."

ಗುಂಡು ಕಂಡಕ್ಟರು ಮೆಟ್ಟಿಲಲ್ಲಿ ಎದುರಾದವನು ಟೀ ಲೋಟದೊಳಕ್ಕೇ ಕಣ್ಣು ನೆಟ್ಟು ಪಕ್ಕಕ್ಕೆ ಸರಿದ. ಮೈಕಮ್ಮನಿಗೆ ಅದು ನೋಯಲಿಲ್ಲ. ಅವಳ ಮೈ ಹಗುರವಾಗಿತ್ತು, ಹೊರೆ ಇಳಿಸಿದವರ ಹಾಗೆ. ಕೆಳಗೆ ಬಂದಾಗ, ಗೂಡಿನಿಂದ ಕಾಣದ ಹೊರಬಾಗಿಲಲ್ಲಿ ಕೂರುವ ಹೂವಿನವಳು ಕರೆದಳು.

"ಅಯ್ಯೋ, ನೀವು ಇಲ್ಲೇ ಇದ್ದೀರಾ? ನಿಮ್ಮಕ್ಕ ಆಗಲೇ ಬಂದು ಹೋದ್ರಲ್ಲ!"

"ಯಾರು?"

"ಸಿಸ್ಟರಮ್ಮ. ಡ್ಯೂಟಿ ಬದಲಾಯಿಸ್ಕೊಂಡು ಬಂದೆ ಅಂದ್ರು, ಬಿಳಿ ಹೂವು ತಗೊಂಡ್ರು. ಮೈಕಲ್ಲಿ ಯಾರೋ ಗಂಟಲು ಕಟ್ಟಿದೋನು ದಾರಿ ಇಲ್ಲ ಅಂತ ಏನೋ ಕೂಗ್ತಿದ್ದ, ಅವರು ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ. 'ಇವತ್ತು ನಮ್ಮವಳ ದನಿ ಇಲ್ಲ ಅಂದ್ರೆ ರಜಾ ಹಾಕಿ ಆಗಲೇ ಪಾರ್ಕಿಗೆ ಹೋಗಿದ್ದಾಳೆ, ನಾನೇ ತಡ' ಅಂತ ನಗ್ತಾ ಬೇಗ ಬೇಗ ಹೋದ್ರು."

ಮೈಕಮ್ಮ ಕೆರೆಯ ಕಡೆ ಓಡಿದಳು. ತನ್ನ ದನಿಯಲ್ಲಿ ಒಂದು ಮಾತು, ಯಾವುದೋ ಒಂದು ಗಾಡಿಯ ಹೆಸರು ಹೇಳಿದ್ದರೂ ಸಿಸ್ಟರ್ ಕಂಬಕ್ಕೊರಗಿ ನಿಲ್ಲುತ್ತಿದ್ದಳು.

ಪಾರ್ಕಿನ ಗೇಟಿನಲ್ಲಿ ಬಲೂನಿನವನು ಬಿಟ್ಟರೆ ಯಾರೂ ಇರಲಿಲ್ಲ. ಅವನು ಕೇಳದೆಯೇ ಹೇಳಿದ. "ಬರ್ತಾರೆ ಬರ್ತಾರೆ ಅಂತ ದೊಣ್ಣೆಯೋರು ಕಾಯ್ತಿದ್ರು. ಒಬ್ಬರೂ ಬರಲಿಲ್ಲ. ಆ ಯಮ್ಮ ಒಬ್ಬಳೇ ಬಂದಳು. 'ಯಾರನ್ನ ಹುಡುಕ್ತೀಯ' ಅಂದ್ರು. 'ನನ್ನವಳನ್ನ' ಅಂದಳು. ಇನ್ನೇನಮ್ಮ... ಕಾದು ಕಾದು ಕೈ ಕಡಿಯೋ ಹತ್ತು ಜನ. ಎಲ್ಲರ ಪಾಲಿನದೂ ಅವಳೊಬ್ಬಳ ಮೇಲೆ ಬಿತ್ತು."

ಸಿಸ್ಟರನ್ನು ತಂದು ಮಲಗಿಸಿದ್ದು ಅವಳದೇ ಆಸ್ಪತ್ರೆಯಲ್ಲಿ. ಎಚ್ಚರವಿರಲಿಲ್ಲ. ವರ್ಷಗಟ್ಟಲೆ ಮುಖ ತೋರಿಸದ ಅಣ್ಣ ಬಾಗಿಲಲ್ಲಿ ನಿಂತಿದ್ದ.

"ನೀವು ಯಾರು?"

"ಅವಳ ಜೊತೆಗಿರೋಳು."

"ಗೊತ್ತಾಯ್ತು." ಅವನು ಕೈಮುಗಿದ, ಬೈದಿದ್ದರೆ ವಾಸಿಯಿತ್ತು. "ದಯವಿಟ್ಟು ಹೊರಡಿ. ಆಗಿದ್ದು ಸಾಕು. ನನಗೂ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ. ಒಳಗೆ ರಕ್ತಸಂಬಂಧಿಕರು ಮಾತ್ರ."

ಅವಳು ಮೆಟ್ಟಿಲ ಕೆಳಗೆ, ಒಗೆಯಲು ಕಟ್ಟಿಟ್ಟ ಬಟ್ಟೆಯ ಮೂಟೆಗಳ ಪಕ್ಕ ಕೂತಳು. ವಾರ್ಡಿನ ಆಯಾ ಹುಡುಕಿಕೊಂಡು ಬಂದಳು, ಸೆರಗಿನಿಂದ ಮೂಗೊರೆಸುತ್ತ.

"ಎಲ್ಲರಿಗೂ ಅವರೇ ಹೇಳೋರು, 'ಎಚ್ಚರ ತಪ್ಪಿದೋರಿಗೆ ಕಿವಿ ಕಡೇಲಿ ಹೋಗೋದು, ಮಾತಾಡ್ತಾ ಇರಿ' ಅಂತ. ಈಗ ಅವರ ಪಕ್ಕ ಆ ಅಣ್ಣ ಕಲ್ಲಿನ ಹಾಗೆ ಕೂತಿದ್ದಾನೆ, ತುಟಿ ಬಿಚ್ತಿಲ್ಲ. ಏನಾದ್ರೂ ಹೇಳಿ ಫೋನಲ್ಲಿ ಹಿಡಿದು ಕೊಡಿ ತಾಯೀ. ಡ್ರಿಪ್ ನೋಡೋ ನೆಪದಲ್ಲಿ ಕಿವಿ ಹತ್ತಿರ ಇಡ್ತೀನಿ."

ಮೈಕಮ್ಮ ಫೋನು ಬಾಯಿಗೆ ಹಿಡಿದಳು. ಸುದ್ದಿ ಓದಿ ಓದಿ ಪಳಗಿದ ಗಂಟಲು ತಾನಾಗಿ ತಳಕ್ಕಿಳಿಯಿತು. ಬೆಚ್ಚಿ ಅಳಿಸಿದಳು. ಮತ್ತೆ ಹಿಡಿದಳು.

"ನಾನು ಕಣೇ. ನಾನು ಪಾರ್ಕಿಗೆ ಹೋಗಿರಲಿಲ್ಲ, ನಿಲ್ದಾಣದಲ್ಲೇ ಇದ್ದೆ. ಮೈಕಲ್ಲಿ ಇದ್ದವಳೂ ನಾನೇ. ಬುತ್ತಿ ಡಬ್ಬಿ ಎಲ್ಲಿ ಬಿಟ್ಟೆ? ಇರಲಿ, ಬೇರೆ ತಗೊಳ್ಳೋಣ. ನಿನ್ನ ಗಾಡಿ ತಡ ಅಂತ ಹೇಳ್ತೀನಿ, ತಡವಾಗೇ ಬಾ. ಕಾಯ್ತೀನಿ."

ಆಯಾ ಒಳಹೋಗಿ ತಿರುಗಿ ಬಂದಳು.

"ಕಿವಿಗೆ ಹಿಡಿದು ಕೇಳಿಸಿದೆ."

"ಏನಾದ್ರೂ..."

"ಇಲ್ಲ ತಾಯೀ. ಸುಳ್ಳು ಯಾಕೆ ಹೇಳಲಿ."

ಮರುದಿನ ಬಿಸಿಲೇರುವ ಮೊದಲೇ ಸಿಸ್ಟರ್ ಹೋದಳು. ಅಣ್ಣನ ಗಾಡಿ ಆಸ್ಪತ್ರೆಯ ಹಿಂಬಾಗಿಲಿಂದ ಹೊರಟಿತು. ಮೈಕಮ್ಮನಿಗೆ ಮುಖ ತೋರಿಸಲಿಲ್ಲ.

ಸ್ಟೇಷನ್ನಿನಿಂದ ಬಿಟ್ಟ ದೊಡ್ಡಮ್ಮ ನೇರ ಅವಳ ಮನೆಗೆ ಬಂದಳು. ಓನರಮ್ಮ ಅಂಗಳದಲ್ಲಿ ಪಾತ್ರೆಗಳನ್ನು ಜೋಡಿಸಿಟ್ಟಿದ್ದಳು. ಮನೆ ಖಾಲಿ ಮಾಡಿಸುವ ಕೆಲಸವನ್ನು ತಾನೇ ಆರಂಭಿಸಿದ್ದಳು. ಆ ಪಾತ್ರೆಗಳ ನಡುವೆ ದೊಡ್ಡಮ್ಮ ಕೂತು, ಬಹಳ ಹೊತ್ತು ಮೈಕಮ್ಮನ ಬೆನ್ನು ಸವರಿದಳು.

"ನಿನ್ನಿಂದ ಎಷ್ಟು ತಾಯಂದಿರ ಮಕ್ಕಳು ಉಳಿದ್ರು ಮಗಳೇ."

"ಅವರಿಗೆ ಒಳ್ಳೇದಾಗಲಿ ದೊಡ್ಡಮ್ಮ. ನಿಜವಾಗಿ ಹೇಳ್ತಿದೀನಿ. ಆದರೆ ಅವರ ಮುಖ ನನಗೆ ಈಗ ತೋರಿಸಬೇಡಿ."

"ಸುದ್ದಿ ಹೋಗಬೇಕಲ್ಲೇ. ಅವಳ ಸುದ್ದಿ. ಬೇರೆ ಯಾರಾದ್ರೂ ಓದಲಿ?"

"ನಾನೇ ಓದ್ತೀನಿ."

ಕಂಬಳಿ ಅಂಗಳದ ಮೂಟೆಯಲ್ಲಿತ್ತು; ಅದನ್ನು ಹುಡುಕಲಿಲ್ಲ. ಫೋನನ್ನು ಮಂಡಿಯ ಮೇಲಿಟ್ಟು, ನಿಲ್ದಾಣವೆಲ್ಲ ಬಲ್ಲ ದನಿಯಲ್ಲಿ, ಸಕ್ಕರೆ ಹಾಕದ ಹಾಲಿನ ಆ ದನಿಯಲ್ಲಿ, ಮೆಲ್ಲಗೆ ಶುರುಮಾಡಿದಳು: "ಹಣತೆ ಸಣ್ಣದು..."

ದೊಡ್ಡಮ್ಮ ಗಾಬರಿಯಿಂದ ಅವಳ ಕೈ ಹಿಡಿದಳು. "ಮಗಳೇ, ಆ ದನಿ ಬೇಡ. ಊರಿಗೆಲ್ಲ ಗೊತ್ತಾಗುತ್ತೆ. ನಮ್ಮ ಮುದುಕನ ದನೀಲಿ ಓದು."

"ಆ ದನಿ ಅವಳಿಗೆ ಗೊತ್ತಿಲ್ಲ ದೊಡ್ಡಮ್ಮ," ಎಂದು ಮೈಕಮ್ಮ ಕೈ ಬಿಡಿಸಿಕೊಂಡು, ಮೊದಲಿಂದ ಓದಿದಳು.