ಅಕ್ಕ ಫೋನು ಮಾಡಿಲ್ಲ

ಮರದ ಕುರ್ಚಿ ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಮ್ಯಾನೇಜರ್ ಕೂಡ. ಯಾವ ಕಂಟೇನರ್‌ನಲ್ಲಿ ಏನಿದೆ ಎಂದು ಅವಳು ಕಂಪ್ಯೂಟರಿಗೆ ತುಂಬಿದರೆ ಸಾಕು, ಹಡಗಿನವರಿಗೂ ಕಡಲಾಚೆಯ ಖರೀದಿದಾರರ ಗೋದಾಮಿಗೂ ಆ ವಿವರ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮುಟ್ಟುತ್ತಿತ್ತು. ಒಪ್ಪಿದರೆ ಹಸಿರು, ಒಪ್ಪದಿದ್ದರೆ ಕೆಂಪು.

ಒಂದು ಸಾಲು ಮಾತ್ರ ಯಾವತ್ತೂ ಕೆಂಪೇ. ಮರದ ಹುಳ ಸಾಯಲೆಂದು ಕೆಲವು ಕಂಟೇನರ್‌ಗಳಿಗೆ ವಿಷದ ಗಾಳಿ ಬಿಟ್ಟು ಬಾಗಿಲು ಜಡಿಯುತ್ತಿದ್ದರು. ‘ವಿಷಗಾಳಿ ಇದೆ, ಬಾಗಿಲು ತೆರೆದು ಒಂದು ದಿನ ಕಾಯಿರಿ’ ಎಂದು ಬರೆದರೆ ಗೋದಾಮಿನ ಕಂಪ್ಯೂಟರ್ ಇಡೀ ವಿವರವನ್ನೇ ಹಿಂದಕ್ಕೆ ಎಸೆಯುತ್ತಿತ್ತು. ಅದರ ನಮೂನೆಯಲ್ಲಿ ಅಂಥ ಮಾತಿಗೆ ಜಾಗವೇ ಇರಲಿಲ್ಲ. ಜಾಗ ಮಾಡಿಸಿ ಎಂದರೆ ಆ ಕಡೆಯವರು ನೋಡೋಣ ಎಂದರು. ನೋಡೋಣ ಎಂದವರು ನೋಡಿದ್ದು ಎಲ್ಲಿದೆ?

“ಆ ಸಾಲು ತೆಗೆದು ಕಳ್ಸಕ್ಕ, ಬಾಗಿಲಿಗೆ ಚೀಟಿ ಅಂಟ್ಸಿರ್ತಾರಲ್ಲ,” ಎನ್ನುತ್ತಿದ್ದ ಮ್ಯಾನೇಜರ್.

ಅವಳು ತೆಗೆಯುತ್ತಿದ್ದಳು. ತೆಗೆದಾಗಲೆಲ್ಲ ತಮ್ಮನಿಗೆ ಫೋನು ಮಾಡುತ್ತಿದ್ದಳು. ಈ ಕಡೆಯ ಹುಡುಗರೇ ದುಡಿಯುತ್ತಿದ್ದ ಆ ಗೋದಾಮಿನಲ್ಲಿ ಕಂಟೇನರ್ ತೆರೆದು ಸರಕು ಇಳಿಸುವವನು ಅವನೇ. ಆ ಕೆಲಸ ಕೊಡಿಸಿದವಳು ಇವಳೇ. ಕಡ್ಡಿಯಂತಿದ್ದರೂ ಮನೆಯಲ್ಲಿ ಅವನ ಹೆಸರು ಗುಂಡ.

“ಗುಂಡ, ಈ ಸಲದ್ರಲ್ಲಿ ಗಾಳಿ ಇದೆ ಕಣೋ.”

“ಆಯ್ತು ಕಣಕ್ಕ, ಮೂಗು ಮನೇಲಿಟ್ಟು ಬರ್ತೀನಿ.”

ಒಮ್ಮೆ ಅವನು ಹೇಳದೆ ಕೇಳದೆ ಕೆಲಸಕ್ಕೆ ಚಕ್ಕರ್ ಹೊಡೆದ. ಇವಳು ರೇಗಿದಳು. “ನಾನು ಕೊಡಿಸಿದ ಕೆಲ್ಸ, ನನ್ನ ಮಾನ ಕಳೀಬೇಡ.”

“ಎಷ್ಟು ಸಲ ಹಂಗಿಸ್ತೀಯ? ನಿನ್ನ ಹಂಗೇ ಬೇಡ,” ಎಂದು ಫೋನಿಟ್ಟ. ಆಮೇಲೆ ಇಬ್ಬರೂ ಬಿಗುಮಾನ ಹಿಡಿದು ಕೂತರು. ಒಂದೇ ರಕ್ತವೆಂದ ಮೇಲೆ ಹಟವೂ ಒಂದೇ ತಾನೇ.

ಮುಂದಿನ ಕಂಟೇನರ್‌ನ ಸಾಲು ತೆಗೆದಾಗ ಅವಳ ಕೈ ಫೋನಿನವರೆಗೆ ಹೋಗಿ ನಿಂತಿತು. ಹಡಗು ಮುಟ್ಟುವಷ್ಟರಲ್ಲಿ ಅವನೇ ಮಾಡುತ್ತಾನೆ ಎಂದುಕೊಂಡಳು. ಹಡಗು ಮುಟ್ಟಿದ ಸುದ್ದಿ ಬಂದಾಗಲೂ, ಊಟವಾಗಲಿ, ಆಮೇಲೆ ನಾನೇ ಸೋಲುತ್ತೇನೆ ಎಂದುಕೊಂಡಳು. ಊಟ ಮುಗಿಸಿ ಬಂದರೆ ಪರದೆಯ ಮೇಲೆ ಹಸಿರು ಬಿದ್ದಿತ್ತು: ಬಾಗಿಲು ತೆರೆಯಲಾಗಿದೆ. ಅವಳು ಫೋನು ಮಾಡಿದಳು. ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಚೀಟಿ ಕಡಲ ಗಾಳಿಗೆ ಎಲ್ಲೋ ಕಿತ್ತುಹೋಗಿತ್ತಂತೆ. ಅವನು ಕುರ್ಚಿಗಳ ನಡುವೆ ಬೋರಲು ಬಿದ್ದಿದ್ದನಂತೆ. ಇದನ್ನೆಲ್ಲ ಹೇಳಿದವನು ಅವನ ಜೊತೆ ಕೆಲಸ ಮಾಡುತ್ತಿದ್ದವನು. “ನಾನು ಕೇಳ್ದೆ ಅಕ್ಕ, ಇದ್ರಲ್ಲಿ ಗಾಳಿ ಇದೆಯೇನೋ ಅಂತ. ‘ಅಕ್ಕ ಫೋನ್ ಮಾಡಿಲ್ಲ, ಅಂದ್ರೆ ಏನಿಲ್ಲ, ಬಾ’ ಅಂತ ಒಳಗೆ ಹೋದ.”

ಮಾತು ಬಿಟ್ಟಿದ್ದರೂ ಅವನು ನಂಬಿಕೆ ಬಿಟ್ಟಿರಲಿಲ್ಲ. ಅವಳಿಗೆ ಅಳುವುದಕ್ಕೂ ಮುಖವಿರಲಿಲ್ಲ.

ತಮ್ಮನ ತಿಥಿಕಾರ್ಯಗಳನ್ನೆಲ್ಲ ಮುಗಿಸಿ ಕೆಲಸಕ್ಕೆ ಮರಳಿದ ದಿನ ಮತ್ತೊಂದು ಕಂಟೇನರ್ ಹೊರಟಿತ್ತು. ಸಾಲು ಬರೆದಳು. ಕೆಂಪು.

“ತೆಗೆದು ಕಳ್ಸಕ್ಕ,” ಎಂದ ಮ್ಯಾನೇಜರ್ ನೆಲ ನೋಡುತ್ತಾ. “ಸರಕು ನಿಂತ್ರೆ ಎಲ್ಲರ ಹೊಟ್ಟೆಗೂ ಕಲ್ಲು.”

“ನನ್ನ ಕೈಲಾಗಲ್ಲ.”

ಸಂಜೆಗೆ ಅದು ಹಸಿರಾಗಿತ್ತು. ಅವನೇ ತನ್ನ ಮೇಜಿನಿಂದ ತೆಗೆದು ಕಳಿಸಿದ್ದ. ಅವಳು ಜಗಳಕ್ಕೆ ಹೋಗಲಿಲ್ಲ, ಗೋದಾಮಿನ ಫೋನಿಗೆ ಕರೆ ಮಾಡಿದಳು. ಯಾರೋ ಹೊಸಬ ಎತ್ತಿದ.

“ಯಾರು?”

“ಅಕ್ಕ.”

“ಯಾರ ಅಕ್ಕ?”

“ಅಲ್ಲಿ ಕಂಟೇನರ್ ತೆಗೆಯೋರು ಯಾರಪ್ಪ ಈಗ?”

“ನಾನೇ.”

“ಮುಂದಿನದ್ರಲ್ಲಿ ವಿಷದ ಗಾಳಿ ಇದೆ. ಬಾಗಿಲು ತೆಗೆದು ಒಂದು ದಿನ ಬಿಡು. ಒಳಗೆ ಹೋಗ್ಬೇಡ.”

“ಕಂಪ್ಯೂಟರಲ್ಲಿ ಹಾಗೇನೂ ಬಂದಿಲ್ವಲ್ಲ?”

“ಬರಲ್ಲಪ್ಪ,” ಎಂದಳು. “ಅದಕ್ಕೇ ಫೋನ್ ಮಾಡಿದೆ.”