ಜೋಡೇಣಿಯ ಗಂಟು

ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಅಂಗಳದಿಂದ ಚಿಕ್ಕಜ್ಜ ಕರೆದರು. ಮೋಡ ಹಾಕುತ್ತಿದೆ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸು ಇವತ್ತೇ ಇಳಿಸಬೇಕಂತೆ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಎಂಬತ್ತಾರರ ಮುದುಕರು ಎರಡು ಬಿದಿರೇಣಿಗಳನ್ನು ನೆಲದ ಮೇಲೆ ಉದ್ದಕ್ಕೆ ಜೋಡಿಸಿಟ್ಟು, ಹಗ್ಗ ಹಿಡಿದು ಕೂತಾಗಿತ್ತು.

ಚಿಕ್ಕಜ್ಜ ಎಂದರೆ ನನ್ನ ಯಜಮಾನರ ಅಜ್ಜನ ತಮ್ಮ, ಶಿವಯ್ಯನವರು. ಇಪ್ಪತ್ತರ ಹರೆಯದಲ್ಲಿ ಕಳಸದಿಂದ ಅಡಿಕೆ ಗಾಡಿಯ ಜೊತೆ ಮಂಗಳೂರಿಗೆ ಹೋದವರು ಹಾಗೇ ನೌಕಾಪಡೆ ಸೇರಿದರು. ಯುದ್ಧದ ಮಾತು ಅವರಾಗಿ ಎತ್ತುವವರಲ್ಲ. ನಾನು ಮದುವೆಯಾಗಿ ಬಂದ ವರ್ಷ ಕಣ್ಣೂರಿನಿಂದ ಮೊಯ್ದು ಎಂಬ ಹಿರಿಯರು ಹುಡುಕಿಕೊಂಡು ಬಂದಾಗಲೇ ನಮಗೆ ಗೊತ್ತಾಗಿದ್ದು. ಬರ್ಮಾ ಕಡಲಲ್ಲಿ ಹಡಗು ಮುಳುಗಿದಾಗ ಚಿಕ್ಕಜ್ಜ ದೋಣಿಯಿಂದ ಹಗ್ಗಕ್ಕೆ ಕುಣಿಕೆ ಹಾಕಿ ಎಸೆದು ಹನ್ನೊಂದು ಜನರನ್ನು ಮೇಲೆಳೆದಿದ್ದರಂತೆ. ಹನ್ನೊಂದನೆಯವರು ಮೊಯ್ದು. ಅವತ್ತು ಊಟದವರೆಗೂ ಅವರು ಚಿಕ್ಕಜ್ಜನ ಕೈ ಬಿಡಲಿಲ್ಲ.

ಊರಿಗೆ ಮರಳಿದ ಮೇಲೆ ಮೆಣಸು ಕುಯ್ಯುವ ಜೋಡೇಣಿ ಕಟ್ಟಲು ಸುತ್ತಲಿನ ತೋಟದವರೆಲ್ಲ ಅವರನ್ನೇ ಕರೆಯುತ್ತಿದ್ದರು. ಅವರು ಕಟ್ಟಿದ ಏಣಿಯಿಂದ ಯಾರೂ ಬಿದ್ದಿಲ್ಲ. ಹೆಂಗಸೆಂದು ನೋಡದೆ, ಎರಡೇಣಿ ಸೇರಿಸಿ ಬಿಗಿಯುವ ಆ ಗಂಟನ್ನು ನನಗೂ ಕಲಿಸಿದರು.

ಈಗ ಬೆರಳಿಗೆ ಬಿಗಿ ಇಲ್ಲ. ಹೋದ ವರ್ಷ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಎಲ್ಲರೆದುರು ಅದನ್ನು ಹೇಳಿಬಿಟ್ಟರು. ಎಂಟು ದಿನ ಚಿಕ್ಕಜ್ಜ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ನಾನೊಂದು ಉಪಾಯ ಹಿಡಿದೆ. ಅವರು ಏಣಿ ಕಟ್ಟಿ ಕಾಫಿಗೆ ಒಳಗೆ ಹೋದ ಕೂಡಲೇ ಗಂಟು ಬಿಚ್ಚಿ ಬಿಗಿಯಾಗಿ ಕಟ್ಟಿಡುತ್ತೇನೆ. ಮರ ಹತ್ತುವ ಯಜಮಾನರಿಗೂ ಇದು ಗೊತ್ತಿಲ್ಲ. ನೋಡಿದವಳು ಮಗಳು ರೂಪಶ್ರೀ ಒಬ್ಬಳೇ. ಯಾಕೆ ಏನು ಎಂದು ಯಾರೆದುರೂ ಕೇಳಬಾರದು ಎಂದು ಅವಳ ಬಾಯಿ ಕಟ್ಟಿದ್ದೆ.

ಇವತ್ತು ಚಿಕ್ಕಜ್ಜ ಒಳಗೆ ಬರಲಿಲ್ಲ. ಕಾಫಿ ಅಂಗಳಕ್ಕೇ ತರಿಸಿಕೊಂಡರು. ಕೊನೇ ಗಂಟು ನಾನು ಹಾಕುತ್ತೇನೆ ಎಂದರೆ ನಕ್ಕರು.

"ಹಿಟ್ಟಿನ ಕೈಲಿ ಹಗ್ಗ ಮುಟ್ಟಿದ್ರೆ ಏಣಿ ಹತ್ತೋದು ಇರುವೆ ಮಾರಾಯ್ತಿ, ನಿನ್ನ ಗಂಡ ಅಲ್ಲ."

ಅಷ್ಟರಲ್ಲಿ ಯಜಮಾನರು ಬಂದರು. ಏಣಿ ಎತ್ತಿ ಮರಕ್ಕೆ ಒರಗಿಸಿದರು. ಜೋಡಿಸಿದಲ್ಲಿ ಹಗ್ಗ ಒಂದು ಬೆರಳಷ್ಟು ಜಾರಿದ್ದು ನನಗೆ ಕಂಡಿತು. ಸ್ವಲ್ಪ ನಿಲ್ಲಿ ಎಂದೆ. ಯಾಕೆ ಎಂದರು. ಚಿಕ್ಕಜ್ಜನೂ ನನ್ನ ಮುಖವನ್ನೇ ನೋಡಿದರು. ಹನ್ನೊಂದು ಜೀವ ಎಳೆದ ಕೈಗಳು ಅವರ ಮಡಿಲಲ್ಲಿದ್ದವು. ನಾನು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡೆ.

ಯಜಮಾನರು ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ರೂಪಶ್ರೀ ನನ್ನ ಸೆರಗು ಜಗ್ಗಿದಳು. ಎಲ್ಲರಿಗೂ ಕೇಳುವಂತೆ ಕೇಳಿದಳು.

"ಅಮ್ಮಾ, ಇವತ್ತು ನೀನು ಅಜ್ಜನ ಗಂಟು ಬಿಚ್ಚಿ ಕಟ್ಟಲ್ವಾ?"