ಕರಡಿಗೆ ಮೇಲಿನ ಕೈ

ಎದುರು ಕೂತವನ ಹುಬ್ಬು ನೋಡಿಯೇ ಅವನ ಇಸ್ಪೀಟಿನ ಎಲೆ ಹೇಳಬಲ್ಲ ಶಿವರುದ್ರಪ್ಪ, ಹುಣಸೆ ಬೀಜ ಪಣಕ್ಕಿಟ್ಟು ಹೆಂಡತಿಯೊಡನೆ ಆಡಿದರೆ ಮಾತ್ರ ದಿನಾ ಸೋಲುತ್ತಿದ್ದ. ಪುಣೆಯ ಕ್ಯಾಂಪಿನಲ್ಲಿ ಕುದುರೆ ರೇಸಿನ ನಾಲ್ಕು ತಿಂಗಳು ಪೋಕರ್ ಆಡಿ ವರ್ಷವಿಡೀ ಮನೆ ನಡೆಸುವ ಆಸಾಮಿ. ಈ ಮಳೆಗಾಲದಲ್ಲಿ ಅಲ್ಲಿಯೂ ಬರೀ ಸೋಲು. ರವಿವಾರದ ಆಟವೂ ಹೋದರೆ ಇಸ್ಪೀಟು ಬಿಟ್ಟು ಸೋದರಮಾವನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಬೆಲ್ಲ ನೆನೆದರೇ ಅವನಿಗೆ ತಲೆ ಸುತ್ತುತ್ತಿತ್ತು.

ಶನಿವಾರ ಹೆಂಡತಿ ಸಾವಂತ್ರವ್ವ ಮತ್ತೆ ಬೀಜಗಳನ್ನೆಲ್ಲ ಉಡಿಗೆ ಬಾಚಿಕೊಂಡಳು.

"ನನ್ನ ಎಲಿ ನಿನಗ ಹೆಂಗ ಗೊತ್ತಾಗ್ತಾವ?"

"ಎಲಿ ಛಲೋ ಬಂದ್ರ ನಿಮ್ಮ ಕೈ ಎದಿ ಮ್ಯಾಲಿನ ಲಿಂಗದ ಕರಡಿಗಿ ಮುಟ್ತದರೀ. ಶಿವಗ ನೀವು ಹೇಳೂ ಸುದ್ದಿ ನನಗೂ ಮುಟ್ತದ."

ಶಿವರುದ್ರಪ್ಪ ಹಣೆ ಚಚ್ಚಿಕೊಂಡ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಯಲ್ಲಿ ಬಿದ್ದಿತ್ತು! ಕ್ಯಾಂಪಿನ ಆಟದಲ್ಲಿ ಕುದುರೆ ಲಾಯದ ಮಾಲೀಕ ಪಂಢರಿನಾಥ ತನ್ನನ್ನು ಸುಲಿಯುತ್ತಿದ್ದುದೂ ಇದರಿಂದಲೇ.

"ಹಂಗಾರ ನಾಳೆ ಕೆಟ್ಟ ಎಲಿ ಬಂದಾಗ ಕರಡಿಗಿ ಮುಟ್ಟಿ ಅವನ್ನ ಹೆದರಸ್ಲೇನು?"

"ಲಿಂಗಾ ಮುಟ್ಟಿ ಸುಳ್ಳಾ?" ಅವಳ ಕಣ್ಣು ಕೆಂಪಾದವು. "ಅದಕ್ಕಿಂತ ಬೆಲ್ಲಾ ತೂಗೂದು ಛಲೋ."

ರವಿವಾರ ಮಧ್ಯಾಹ್ನ ಕೊನೆಯ ಆಟಕ್ಕೆ ಅವನ ಕೈಗೆ ಮೂರು ರಾಣಿಯರು ಬಂದರು. ಉಳಿದೆರಡು ಎಲೆ ಬದಲಿಸಿದರೆ ನಾಲ್ಕನೆಯವಳೂ ಬಂದಳು! ಬಲಗೈ ತಾನಾಗಿ ಮೇಲೇಳತೊಡಗಿತು. ಅವನು ಅದನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೇ ಕೂತ.

ಪಂಢರಿನಾಥನ ಕಣ್ಣು ಕರಡಿಗೆ ಮರೆಸಿದ ಅವನ ಅಂಗಿಯ ಗುಂಡಿಯ ಮೇಲೆಯೇ ನೆಟ್ಟಿತ್ತು. ಒಂದು ನಿಮಿಷ ಹೋಯಿತು, ಎರಡಾಯಿತು. ಕೈ ಮೇಲೇಳಲಿಲ್ಲ. ಪಂಢರಿನಾಥ ಮೀಸೆಯಲ್ಲೇ ನಕ್ಕು ಇದ್ದ ನೋಟನ್ನೆಲ್ಲ ಮುಂದೆ ತಳ್ಳಿದ. ಶಿವರುದ್ರಪ್ಪ ಎಡಗೈಯಿಂದ ತನ್ನದನ್ನೆಲ್ಲ ತಳ್ಳಿದ, ಅದರ ಉಂಗುರವನ್ನೂ ಹಲ್ಲಿನಿಂದ ಕಿತ್ತು ಸೇರಿಸಿದ.

"ದಾಖವಾ!" ತೋರಿಸಿ ಎಂದು ಮರಾಠಿಯಲ್ಲಿ ಗುಡುಗಿ ಪಂಢರಿನಾಥ ಮೂರು ರಾಜರನ್ನು ಹರಡಿದ.

ಶಿವರುದ್ರಪ್ಪ ಒಬ್ಬೊಬ್ಬಳೇ ರಾಣಿಯನ್ನು ಇಟ್ಟ. ನಾಲ್ಕನೆಯವಳನ್ನು ಕಂಡು ಪಂಢರಿನಾಥ ತನ್ನ ರಾಜರನ್ನು ಬೋರಲು ಹಾಕಿದ. ಆಗ ಮಾತ್ರ ಬಲಗೈ ಬಿಡಿಸಿಕೊಂಡು ಕರಡಿಗೆಗೆ ಹಾರಿತು.

ಟಾಂಗಾಕ್ಕೂ ಕಾಯದೆ ಮಳೆಯಲ್ಲೇ ಓಡಿ ಬಂದ. ಸಾವಂತ್ರವ್ವ ಹಿಗ್ಗಿ ಹೀರೇಕಾಯಿಯಾಗಿ ಅವನ ಬಾಯಿಗೆ ಸಕ್ಕರೆ ಹಾಕಿದಳು.

"ತಾ ಬೀಜಾ! ಇವತ್ತು ನಿನ್ನೂ ಸೋಲಸ್ತೀನಿ."

ಮೊದಲ ಆಟಕ್ಕೇ ಅವನಿಗೆ ಮೂರು ಎಕ್ಕ! ಅವನು ಮುಖ ಗಂಟಿಕ್ಕಿ, ಅಲುಗಾಡದೆ ಕೂತ. ಅವಳು ಅವನನ್ನೊಮ್ಮೆ ನೋಡಿ ಎಲೆ ಕೆಳಗಿಟ್ಟಳು.

"ನಾ ಒಲ್ಲೆ. ಈ ಆಟಾ ಬಿಟ್ಟೆ."

"ಯಾಕ? ನಾ ಕರಡಿಗಿ ಮುಟ್ಟಿಲ್ಲಲ್ಲ!"

"ಮುಟ್ಟಿಲ್ಲರೀ. ಕೈ ಮ್ಯಾಲ ಕುಂತೀರಿ."